ಮಡಗಾಸ್ಕರಿನ ನಾಲ್ಕು ಟ್ರೂಪ್: ಜೋಡಿ ಆಟದಲ್ಲಿ ಸೈನ್ಯ ಹಂಚಿಕೆಯ ಒಂದು ಪ್ರಕರಣ

ರಿಸ್ಕ್ ಮಾದರಿಯ ಆಟಗಳನ್ನು, ಅಂದರೆ ವಿಶ್ವ ನಕ್ಷೆಯ ಮೇಲೆ ದಾಳ ಉರುಳಿಸಿ ಪ್ರದೇಶ ಗೆಲ್ಲುವ ಯುದ್ಧದಾಟಗಳನ್ನು, ಆನ್‌ಲೈನಿನಲ್ಲಿ ಇಬ್ಬಿಬ್ಬರ ತಂಡವಾಗಿ ಆಡುವಾಗ ಒಂದು ಸೌಲಭ್ಯ ಸಿಗುತ್ತದೆ. ನಿಮ್ಮ ಸರದಿಯಲ್ಲಿ ಬಂದ ಹೊಸ ಟ್ರೂಪ್‌ಗಳನ್ನು (ಸೈನ್ಯದ ಬಿಲ್ಲೆಗಳನ್ನು) ಜೊತೆಗಾರನ ಪ್ರದೇಶದ ಮೇಲೆ ಇಳಿಸಬಹುದು. ಸರದಿಯ ಕೊನೆಯಲ್ಲಿ ನಿಮ್ಮ ಹಳೆಯ ಟ್ರೂಪ್‌ಗಳನ್ನೂ ಅವನ ಪ್ರದೇಶಕ್ಕೆ ಸಾಗಿಸಬಹುದು. ಹೆಚ್ಚಿನ ಜೋಡಿಗಳು ಇದನ್ನು ತುರ್ತು ಚಿಕಿತ್ಸೆಯ ಹಾಗೆ ಬಳಸುತ್ತವೆ: ಜೊತೆಗಾರ ಸಾಯುವ ಹಂತಕ್ಕೆ ಬಂದಾಗ ಒಂದಿಷ್ಟು ಸುರಿಯುವುದು, ಉಳಿದಂತೆ ಅವರವರ ಆಟ ಅವರವರದು. ಹಂಚಿಕೆಯ ನಿಜವಾದ ಲಾಭ ಸಿಗುವುದು ಯಾರೂ ಸಾಯುತ್ತಿಲ್ಲದ, ನೋಡಲು ಸಪ್ಪೆಯಾದ ಸ್ಥಿತಿಗಳಲ್ಲಿ. ಅಂಥದ್ದೇ ಒಂದು ಸ್ಥಿತಿಯನ್ನು ಅಧ್ಯಯನಕ್ಕೆಂದು ಜೋಡಿಸಿ ಇಲ್ಲಿ ಪೂರ್ತಿ ಬಿಡಿಸಲಾಗಿದೆ. ಬೋರ್ಡ್ ಎದುರಿಗಿದ್ದರೆ ಓದುವುದು ಸುಲಭ.

ನಿಯಮಗಳು

42 ಪ್ರದೇಶಗಳ ಹಳೆಯ ನಕ್ಷೆ. ನಾಲ್ಕು ಆಟಗಾರರು: ಕೆಂಪು ಮತ್ತು ನೀಲಿ ಒಂದು ತಂಡ, ಹಸಿರು ಮತ್ತು ಹಳದಿ ಇನ್ನೊಂದು. ಸರದಿ ಕೆಂಪು, ಹಸಿರು, ನೀಲಿ, ಹಳದಿ. ಪ್ರತಿ ಸರದಿಯ ಆರಂಭದಲ್ಲಿ ಪ್ರದೇಶಗಳ ಸಂಖ್ಯೆಯನ್ನು 3ರಿಂದ ಭಾಗಿಸಿ, ಶೇಷ ಬಿಟ್ಟು, ಅಷ್ಟು ಟ್ರೂಪ್. ಎಷ್ಟೇ ಕಡಿಮೆ ಇದ್ದರೂ 3 ಖಚಿತ. ಖಂಡ ಪೂರ್ತಿ ಹಿಡಿದರೆ ಬೋನಸ್: ಆಸ್ಟ್ರೇಲಿಯಾ ಮತ್ತು ದಕ್ಷಿಣ ಅಮೆರಿಕಕ್ಕೆ 2, ಆಫ್ರಿಕಾಕ್ಕೆ 3, ಯುರೋಪ್ ಮತ್ತು ಉತ್ತರ ಅಮೆರಿಕಕ್ಕೆ 5, ಏಷ್ಯಾಕ್ಕೆ 7. ಪ್ರದೇಶ ಗೆದ್ದವನಿಗೆ ಸಿಗುವ, ಸೆಟ್ ಆದಾಗ ಟ್ರೂಪ್ ತರುವ ಕಾರ್ಡ್ ಇಲ್ಲ. ಎದುರಾಳಿಯ ಸೈನ್ಯವನ್ನು ಮರೆಮಾಡುವ ಮಂಜು ಇಲ್ಲ, ಎಲ್ಲರಿಗೂ ಎಲ್ಲವೂ ಕಾಣುತ್ತದೆ. ಸರದಿಗೆ ಮೂರು ಹಂತ: ಇಳಿಸುವುದು, ದಾಳಿ, ಕೊನೆಗೆ ಒಂದೇ ಒಂದು ಸಾಗಣೆ. ಸಾಗಣೆ ಸರಪಳಿ ಮಾದರಿಯದು. ಅಂದರೆ ನಡುವೆ ಇರುವ ಪ್ರದೇಶಗಳೆಲ್ಲ ನಿಮ್ಮದೋ ಜೊತೆಗಾರನದೋ ಆಗಿದ್ದರೆ ಎಷ್ಟು ದೂರಕ್ಕಾದರೂ ಒಂದೇ ಸಲಕ್ಕೆ ಕಳಿಸಬಹುದು.

ತಂಡದ ಆಟಕ್ಕೆ ಸೇರಿದ ಇನ್ನೂ ಮೂರು ಕಟ್ಟುಪಾಡುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ಪ್ರಕರಣ ನಿಂತಿರುವುದೇ ಅವುಗಳ ಮೇಲೆ. ಜೊತೆಗಾರನ ಪ್ರದೇಶದ ಮೇಲೆ ದಾಳಿ ಮಾಡುವಂತಿಲ್ಲ. ಖಂಡದ ಬೋನಸ್ ಸಿಗಬೇಕಾದರೆ ಒಬ್ಬನೇ ಅದನ್ನು ಪೂರ್ತಿ ಹಿಡಿದಿರಬೇಕು, ಇಬ್ಬರೂ ಸೇರಿ ಹಿಡಿದರೆ ಏನೂ ಇಲ್ಲ. ಕೊಟ್ಟ ಟ್ರೂಪ್ ಕೊಟ್ಟ ಕ್ಷಣದಿಂದ ಅವನದು. ಅದನ್ನು ನೀವು ಮುಂದಿನ ಸರದಿಯಲ್ಲಿ ಹಿಂದಕ್ಕೆ ಎಳೆಯಲು ಆಗುವುದಿಲ್ಲ.

ಸ್ಥಿತಿ

ಕೆಂಪಿನ ಸರದಿ. ಹೆಸರಿನ ಮುಂದಿನ ಅಂಕಿ ಅಲ್ಲಿರುವ ಟ್ರೂಪ್‌ಗಳ ಸಂಖ್ಯೆ. ಕೆಂಪಿಗೆ 11 ಪ್ರದೇಶ: ಮಡಗಾಸ್ಕರ್ 5, ವೆನೆಜುವೆಲಾ 4, ಪೂರ್ವ ಅಮೆರಿಕ 2, ಪೆರು, ಅರ್ಜೆಂಟೀನಾ, ಕಾಂಗೊ, ಪಶ್ಚಿಮ ಅಮೆರಿಕ, ಒಂಟಾರಿಯೊ, ಯೂರಲ್, ಸ್ಕ್ಯಾಂಡಿನೇವಿಯಾ, ಗ್ರೇಟ್ ಬ್ರಿಟನ್ ತಲಾ 1.

ನೀಲಿಗೆ 10: ಇಂಡಿಯಾ 5, ಬ್ರೆಜಿಲ್ 3, ಮಧ್ಯಪ್ರಾಚ್ಯ 2, ಈಜಿಪ್ಟ್ 2, ದಕ್ಷಿಣ ಯುರೋಪ್ 2, ಪೂರ್ವ ಆಫ್ರಿಕಾ, ದಕ್ಷಿಣ ಆಫ್ರಿಕಾ, ಅಫ್ಘಾನಿಸ್ತಾನ, ಐಸ್‌ಲ್ಯಾಂಡ್, ಯಾಕುಟ್ಸ್ಕ್ ತಲಾ 1.

ಹಸಿರಿಗೆ 12: ಉತ್ತರ ಆಫ್ರಿಕಾ 4, ಚೀನಾ 3, ಉಕ್ರೇನ್ 3, ಮಂಗೋಲಿಯಾ 2, ಉತ್ತರ ಯುರೋಪ್ 2, ಪಶ್ಚಿಮ ಯುರೋಪ್ 2, ಮಧ್ಯ ಅಮೆರಿಕ 2, ಸೈಬೀರಿಯಾ, ಗ್ರೀನ್‌ಲ್ಯಾಂಡ್, ಕ್ವಿಬೆಕ್, ಆಲ್ಬರ್ಟಾ, ವಾಯವ್ಯ ಪ್ರಾಂತ ತಲಾ 1.

ಹಳದಿಗೆ 9: ಸಯಾಮ್ 4, ಇಂಡೊನೇಷ್ಯಾ 3, ಕಮ್ಚಾಟ್ಕಾ 2; ನ್ಯೂ ಗಿನಿ, ಪಶ್ಚಿಮ ಆಸ್ಟ್ರೇಲಿಯಾ, ಪೂರ್ವ ಆಸ್ಟ್ರೇಲಿಯಾ, ಜಪಾನ್, ಇರ್ಕುಟ್ಸ್ಕ್, ಅಲಾಸ್ಕಾ ತಲಾ 1.

ಹಳದಿಯ ಕೈಯಲ್ಲಿ ಇಡೀ ಆಸ್ಟ್ರೇಲಿಯಾ ಇದೆ. ಹಾಗಾಗಿ ಅದರ ಆದಾಯ ಸರದಿಗೆ 5. ಹಸಿರಿಗೆ 12 ಪ್ರದೇಶಕ್ಕೆ 4. ಕೆಂಪು, ನೀಲಿ ಎರಡಕ್ಕೂ ಮೂರು ಮೂರು. ಒಂದು ಸುತ್ತಿಗೆ 9ರ ಎದುರು 6. ಹೀಗೇ ಬಿಟ್ಟರೆ ನಾಲ್ಕೈದು ಸುತ್ತಿನಲ್ಲಿ ಆಟ ಮುಗಿದ ಹಾಗೆಯೇ. ಆಸ್ಟ್ರೇಲಿಯಾದ ಬೋನಸ್ ಮುರಿಯಬೇಕು, ಅದಕ್ಕೆ ಇರುವ ಏಕೈಕ ಬಾಗಿಲು ಸಯಾಮ್ ಮೂಲಕ ಇಂಡೊನೇಷ್ಯಾ. ಆ ಬಾಗಿಲ ಎದುರು ನಿಂತಿರುವುದು ನೀಲಿಯ ಇಂಡಿಯಾ.

ಮೊದಲು ಕಣ್ಣಿಗೆ ಬೀಳುವ, ಆದರೆ ಬಿಡಬೇಕಾದ ಎರಡು ಯೋಚನೆಗಳು

ಆಫ್ರಿಕಾದಲ್ಲಿ ಆರರಲ್ಲಿ ಐದು ಪ್ರದೇಶ ಈ ತಂಡದ್ದು. ಉತ್ತರ ಆಫ್ರಿಕಾ ಒಂದನ್ನು ಕಿತ್ತುಕೊಂಡರೆ ಖಂಡ ನಮ್ಮದು ಅನ್ನಿಸುತ್ತದೆ. ಆದರೆ ಮಡಗಾಸ್ಕರ್, ಕಾಂಗೊ ಕೆಂಪಿನವು. ಈಜಿಪ್ಟ್, ಪೂರ್ವ ಮತ್ತು ದಕ್ಷಿಣ ಆಫ್ರಿಕಾ ನೀಲಿಯವು. ಇಬ್ಬರ ನಡುವೆ ಹರಿದುಹೋಗಿರುವ ಖಂಡ ಇದು, ಇಲ್ಲಿ 3ರ ಬೋನಸ್ ಯಾರಿಗೂ ಸಿಗುವುದಿಲ್ಲ. ಜೊತೆಗಾರನಿಗೆ ಟ್ರೂಪ್ ಕೊಡಬಹುದು, ನೆಲ ಕೊಡಲಾಗುವುದಿಲ್ಲ. ಹೊಸ ಜೋಡಿಗಳು ಅತಿ ಹೆಚ್ಚು ಟ್ರೂಪ್ ಪೋಲು ಮಾಡುವುದು ಇಂಥ ಖಂಡಗಳಲ್ಲೇ: ನಕ್ಷೆಯ ಮೇಲೆ ಎರಡು ಬಣ್ಣ ಸೇರಿ ತುಂಬಿದ ಜಾಗ ಗೆದ್ದ ಹಾಗೆ ಕಾಣುತ್ತದೆ, ಲೆಕ್ಕದಲ್ಲಿ ಸೊನ್ನೆ.

ದಕ್ಷಿಣ ಅಮೆರಿಕದಲ್ಲೂ ಅದೇ ತೊಡಕು, ಇನ್ನಷ್ಟು ನೋಯುವ ರೀತಿಯಲ್ಲಿ. ವೆನೆಜುವೆಲಾ, ಪೆರು, ಅರ್ಜೆಂಟೀನಾ ಕೆಂಪಿನವು, ಬ್ರೆಜಿಲ್ ಮಾತ್ರ ನೀಲಿಯದು. ಕೆಂಪು ಅದನ್ನು ಹೊಡೆಯುವಂತಿಲ್ಲ. ಇದಕ್ಕೆ ಅನುಭವಿಗಳು ಬಳಸುವ ಒಂದು ಉಪಾಯವಿದೆ: ನೀಲಿ ತನ್ನ ಸಾಗಣೆಯಲ್ಲಿ ಬ್ರೆಜಿಲಿನ ಎರಡು ಟ್ರೂಪ್‌ಗಳನ್ನು ಕೆಂಪಿನ ವೆನೆಜುವೆಲಾಕ್ಕೆ ಕಳಿಸಿ, ಬ್ರೆಜಿಲಿನಲ್ಲಿ ಒಂದೇ ಒಂದು ಬಿಡುವುದು. ಉತ್ತರ ಆಫ್ರಿಕಾದಿಂದ ಹಸಿರು ಬಂದು ಅದನ್ನು ತಿಂದರೆ ಕೆಂಪು ಅದನ್ನು ಹಸಿರಿನಿಂದ ಗೆದ್ದು ಖಂಡ ಪೂರ್ತಿ ಮಾಡಿಕೊಳ್ಳುತ್ತದೆ. ಕಾರ್ಡ್ ಇರುವ ಆಟದಲ್ಲಿ ಎದುರಾಳಿ ಕಾರ್ಡಿನ ಆಸೆಗೆ ಅಂಥ ಒಂಟಿ ಟ್ರೂಪನ್ನು ಹೊಡೆಯುತ್ತಾನೆ, ಉಪಾಯ ಫಲಿಸುತ್ತದೆ. ಕಾರ್ಡ್ ಇಲ್ಲದ ಈ ಆಟದಲ್ಲಿ ಹಸಿರಿಗೆ ಆ ಆಸೆ ಇಲ್ಲ, ನಕ್ಷೆ ಓದಬಲ್ಲ ಯಾರೂ ಬ್ರೆಜಿಲ್ ಮುಟ್ಟುವುದಿಲ್ಲ. ಮೇಲಾಗಿ ನೀಲಿಯ ಒಂದೇ ಸಾಗಣೆ ಅದಕ್ಕೆ ಖರ್ಚಾಗುತ್ತದೆ. ಈ ಸುತ್ತಿಗೆ ಅದನ್ನು ಬಿಡುವುದೇ ಸರಿ.

ಸಿಕ್ಕಿಬಿದ್ದ ಗುಂಪು

ಈಗ ಮಡಗಾಸ್ಕರ್ ನೋಡಿ. ಕೆಂಪಿನ ಬೋರ್ಡಿನ ಮೇಲೆ ಅತಿ ದೊಡ್ಡ ಗುಂಪು ಅದೇ, 5 ಟ್ರೂಪ್. ಅದರ ಅಕ್ಕಪಕ್ಕ ಇರುವುದು ಎರಡೇ ಪ್ರದೇಶ, ಪೂರ್ವ ಆಫ್ರಿಕಾ ಮತ್ತು ದಕ್ಷಿಣ ಆಫ್ರಿಕಾ. ಎರಡೂ ನೀಲಿಯವು. ಆ ಐದು ಟ್ರೂಪ್‌ಗಳು ಯಾರ ಮೇಲೂ ದಾಳಿ ಮಾಡಲಾರವು, ಅವುಗಳ ಮೇಲೂ ಯಾರೂ ಸದ್ಯಕ್ಕೆ ದಾಳಿ ಮಾಡಲಾರರು. ಕೆಂಪು ಅವನ್ನು ತನ್ನ ವೆನೆಜುವೆಲಾಕ್ಕೆ ಒಯ್ಯೋಣ ಅಂದರೆ ದಾರಿ ಇಲ್ಲ, ಬ್ರೆಜಿಲಿಗೂ ಆಫ್ರಿಕಾಕ್ಕೂ ನಡುವೆ ಹಸಿರಿನ ಉತ್ತರ ಆಫ್ರಿಕಾ ಅಡ್ಡ ಕೂತಿದೆ.

ಆದರೆ ಇನ್ನೊಂದು ದಿಕ್ಕಿಗೆ ದಾರಿ ತೆರೆದೇ ಇದೆ. ಮಡಗಾಸ್ಕರ್, ಪೂರ್ವ ಆಫ್ರಿಕಾ, ಈಜಿಪ್ಟ್, ಮಧ್ಯಪ್ರಾಚ್ಯ, ಇಂಡಿಯಾ: ಮಡಗಾಸ್ಕರ್ ಬಿಟ್ಟು ಉಳಿದೆಲ್ಲ ನೀಲಿಯವು, ಸರಪಳಿ ಎಲ್ಲೂ ಕಡಿದಿಲ್ಲ. ಒಂದು ಟ್ರೂಪ್ ಹಿಂದೆ ಬಿಟ್ಟು ನಾಲ್ಕನ್ನು ನೇರ ಇಂಡಿಯಾಕ್ಕೆ ಕಳಿಸಬಹುದು. ಕೆಂಪಿಗೆ ಇದರಿಂದ ಏನೂ ನಷ್ಟವಿಲ್ಲ. ತನ್ನ ಕೈಯಲ್ಲಿ ಸತ್ತಂತಿದ್ದ ಸೈನ್ಯ ಜೊತೆಗಾರನ ಕೈಯಲ್ಲಿ ಜೀವ ಪಡೆಯುತ್ತದೆ. ಹಂಚಿಕೆಯ ಅವಕಾಶ ಹುಡುಕುವಾಗ ಮೊದಲು ನೋಡಬೇಕಾದದ್ದು ಇದನ್ನೇ. ಯಾರಿಗೆ ಕಷ್ಟ ಎಂಬ ಪ್ರಶ್ನೆ ಆಮೇಲೆ ಬರಲಿ. ಯಾವ ಗುಂಪಿಗೆ ಎದುರಾಳಿಯ ಗಡಿಯೇ ಇಲ್ಲ ಎಂದು ಮೊದಲು ಕೇಳಿಕೊಳ್ಳಿ.

ದಾಳದ ಲೆಕ್ಕ

ನಾಲ್ಕು ಟ್ರೂಪ್ ಎಷ್ಟು ವ್ಯತ್ಯಾಸ ಮಾಡುತ್ತವೆ ಎಂಬುದಕ್ಕೆ ದಾಳದ ಲೆಕ್ಕ ಬೇಕು. ದಾಳಿಕಾರ 3 ದಾಳ, ರಕ್ಷಕ 2 ದಾಳ ಉರುಳಿಸಿದಾಗ ಒಟ್ಟು 7776 ಸಾಧ್ಯತೆ. ಅವುಗಳಲ್ಲಿ 2890ರಲ್ಲಿ ರಕ್ಷಕ ಎರಡು ಕಳೆದುಕೊಳ್ಳುತ್ತಾನೆ, 2611ರಲ್ಲಿ ಇಬ್ಬರೂ ಒಂದೊಂದು, 2275ರಲ್ಲಿ ದಾಳಿಕಾರ ಎರಡು. ಸಮ ಬಿದ್ದರೆ ಗೆಲುವು ರಕ್ಷಕನದು, ಆದರೂ ಮೂರನೇ ದಾಳದ ಬಲದಿಂದ ದಾಳಿಕಾರನ ಕೈ ಸ್ವಲ್ಪ ಮೇಲು: ಪ್ರತಿ ಉರುಳಿಗೆ ಸರಾಸರಿ ಅವನು ಕಳೆದುಕೊಳ್ಳುವುದು 0.92, ರಕ್ಷಕ ಕಳೆದುಕೊಳ್ಳುವುದು 1.08. ಮುಂದಿನ ಎಲ್ಲ ಶೇಕಡಾವಾರುಗಳೂ ಇದೇ ದಾಳದಿಂದ ಹೆಜ್ಜೆ ಹೆಜ್ಜೆಯಾಗಿ ಕಟ್ಟಿದವು.

ನೀಲಿಯ ಕೆಲಸ: ಇಂಡಿಯಾದಿಂದ ಸಯಾಮಿನ 4ನ್ನು ಕೊಂದು, ಅಲ್ಲಿ ಒಂದನ್ನು ಬಿಟ್ಟು, ಮುಂದೆ ಇಂಡೊನೇಷ್ಯಾದ 3ನ್ನು ಕೊಲ್ಲುವುದು. ಇಂಡಿಯಾದಲ್ಲೂ ಒಂದು ಉಳಿಯಲೇಬೇಕು.

ಯಾರ ಸಹಾಯವೂ ಇಲ್ಲದೆ, ನೀಲಿ ತನ್ನ 3ನ್ನು ಇಳಿಸಿದರೆ ಇಂಡಿಯಾ 8, ಹೊಡೆಯಬಲ್ಲವು 7. ಎರಡೂ ಗೆಲ್ಲುವ ಸಾಧ್ಯತೆ ಶೇ. 45. ಮಡಗಾಸ್ಕರಿನ ನಾಲ್ಕು ಸೇರಿದರೆ ಹೊಡೆಯಬಲ್ಲವು 11, ಸಾಧ್ಯತೆ ಶೇ. 82. ಕೆಂಪು ತನ್ನ ಹೊಸ ಮೂರನ್ನೂ ಅಲ್ಲೇ ಸುರಿದರೆ 14, ಶೇ. 94. ಮಡಗಾಸ್ಕರನ್ನು ಮರೆತು ಹೊಸ ಮೂರನ್ನು ಮಾತ್ರ ಕೊಟ್ಟರೆ 10, ಶೇ. 75.

ಈ ನಾಲ್ಕು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಏನೂ ಖರ್ಚಿಲ್ಲದ ಸಾಗಣೆಯೊಂದೇ 45ನ್ನು 82ಕ್ಕೆ ಏರಿಸಿತು. ಬೆಲೆಯುಳ್ಳ ಹೊಸ ಮೂರು ಟ್ರೂಪ್ ಅದರ ಮೇಲೆ ಕೂಡಿಸಿದ್ದು 12 ಮಾತ್ರ. ಆದರೂ ಆಟಗಳಲ್ಲಿ ಕಾಣುವುದು ಇದರ ತಿರುಗುಮುರುಗು: ಇಳಿಸುವಾಗ ಜೊತೆಗಾರನ ನೆನಪು ಬರುತ್ತದೆ, ಸರದಿ ಮುಗಿಸುವ ಬಟನ್ ಒತ್ತುವ ಅವಸರದಲ್ಲಿ ಸಾಗಣೆಯೇ ಮರೆತುಹೋಗುತ್ತದೆ.

ನಡುವೆ ಒಂದು ಹಸಿರು ಸರದಿ

ಕೆಂಪು ಕೊಟ್ಟದ್ದನ್ನು ನೀಲಿ ಬಳಸುವ ಮೊದಲು ಹಸಿರು ಒಮ್ಮೆ ಆಡುತ್ತದೆ. ಇದೇ ಟ್ರೂಪ್‌ಗಳನ್ನು ಕೆಂಪು ತನ್ನ ಬಳಿಯೇ ದಾಳಿ ಮಾಡದೆ ಇಟ್ಟುಕೊಂಡಿದ್ದರೆ ಅವು ಹಸಿರು, ಹಳದಿ ಇಬ್ಬರ ಹೊಡೆತ ತಾಳಿಕೊಂಡ ಮೇಲೆ ಬಳಕೆಗೆ ಬರುತ್ತಿದ್ದವು. ಕೊಟ್ಟರೆ ಒಂದು ಶತ್ರು ಸರದಿ, ಇಟ್ಟುಕೊಂಡರೆ ಎರಡು. ಹಂಚಿಕೆಯಿಂದ ಸಿಗುವ ವೇಗ ಇದು.

ಆದರೆ ಆ ಒಂದು ಸರದಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಚೀನಾದಲ್ಲಿ ಹಸಿರಿನ 3 ಇವೆ. ಆದಾಯದ 4ನ್ನೂ ಅಲ್ಲೇ ಇಳಿಸಿದರೆ 6 ಟ್ರೂಪ್ ಇಂಡಿಯಾದ ಮೇಲೆ ಬೀಳಬಹುದು. ಇಂಡಿಯಾ 5ರಲ್ಲೇ ಇದ್ದರೆ ಅದು ಬೀಳುವ ಸಾಧ್ಯತೆ ಶೇ. 64. ಅಂದರೆ ಮೇಲೆ ಹೇಳಿದ ಶೇ. 45 ಕೂಡ ಹಸಿರು ಸುಮ್ಮನಿದ್ದರೆ ಮಾತ್ರ. ಇಂಡಿಯಾ 9 ಆದರೆ ಬೀಳುವ ಸಾಧ್ಯತೆ ಶೇ. 26, 12 ಆದರೆ ಶೇ. 11.

ಇಂಡಿಯಾ ಬೀಳದಿದ್ದರೂ ಸವೆಯುತ್ತದೆ. ಹಸಿರು ಕೊನೆಯತನಕ ಹೊಡೆದರೆ ಸರಿಸುಮಾರು ಒಂದಕ್ಕೊಂದು ಲೆಕ್ಕದಲ್ಲಿ ಎರಡೂ ಕಡೆ ಸಾಯುತ್ತವೆ, ನೀಲಿಯ ಸರದಿ ಬರುವ ಹೊತ್ತಿಗೆ ಸಯಾಮ್ ದಾಳಿಗೆ ಬೇಕಾದ ಬಲ ಉಳಿದಿರುವುದಿಲ್ಲ. ಆಗ ನೀಲಿ ಯೋಜನೆ ಬದಲಿಸಿ ಒಂದಕ್ಕೆ ಇಳಿದ ಚೀನಾವನ್ನು ತೆಗೆದುಕೊಳ್ಳಬೇಕು. ಕೊಟ್ಟ ಟ್ರೂಪ್ ವ್ಯರ್ಥವಾಯಿತು ಅಂತ ಇದನ್ನು ಓದಬಾರದು. ಹಸಿರಿನ ಒಂದು ಪೂರ್ತಿ ಸರದಿ ಅದರಲ್ಲಿ ಕರಗಿರುತ್ತದೆ.

ಹೊಸ ಮೂರು ಎಲ್ಲಿಗೆ?

ಸಾಗಣೆ ತೀರ್ಮಾನವಾಯಿತು. ಉಳಿದದ್ದು ಸರದಿಯ ಮೊದಲಿಗೇ ಇಳಿಸಬೇಕಾದ 3. ಇಲ್ಲಿ ಕೆಂಪಿನ ಸ್ವಂತ ಅವಕಾಶವೊಂದಿದೆ: ವೆನೆಜುವೆಲಾದಿಂದ ಮಧ್ಯ ಅಮೆರಿಕ, ಹಸಿರಿನ 2 ಟ್ರೂಪ್. ಅದನ್ನು ಗೆದ್ದರೆ ಹಸಿರು 12ರಿಂದ 11ಕ್ಕೆ ಇಳಿಯುತ್ತದೆ, ಆದಾಯ 4ರಿಂದ 3ಕ್ಕೆ. ಮುಂದಿನ ಸರದಿಯೇ ಹಸಿರಿನದಾದ್ದರಿಂದ ಈ ಕಡಿತ ಖಚಿತ, ನಡುವೆ ಮರಳಿ ಪಡೆಯುವ ಅವಕಾಶವಿಲ್ಲ. ಕೆಂಪು ತಾನು 12ಕ್ಕೆ ಏರಿ 4 ಪಡೆಯುವುದು ಮಾತ್ರ ಅನುಮಾನ. ಒಂದೊಂದೇ ಟ್ರೂಪ್ ಇರುವ ಎಂಟು ಪ್ರದೇಶಗಳಲ್ಲಿ ಯಾವುದಾದರೂ ಒಂದು ಅಷ್ಟರಲ್ಲಿ ಹೋಗಿರುತ್ತದೆ.

ಹೀಗೆಯೇ ನೀಲಿ ಇಂಡೊನೇಷ್ಯಾ ಗೆದ್ದರೆ ಹಳದಿಗೆ 2ರ ಕಡಿತ ಖಚಿತ, ಏಕೆಂದರೆ ಹಳದಿಯ ಸರದಿ ನೀಲಿಯ ಬೆನ್ನಿಗೇ ಬರುತ್ತದೆ. ಆದ್ದರಿಂದ ಮಧ್ಯ ಅಮೆರಿಕದ ಬೆಲೆ 1, ಇಂಡೊನೇಷ್ಯಾದ ಬೆಲೆ 2 ಎಂದು ಇಟ್ಟುಕೊಂಡು ಲೆಕ್ಕ ಹಾಕಬಹುದು.

ವೆನೆಜುವೆಲಾ ಈಗಿರುವ ಹಾಗೆಯೇ ಹೊಡೆದರೆ 3 ಟ್ರೂಪ್ 2ರ ಎದುರು, ಶೇ. 66. ಒಂದು ಸೇರಿಸಿದರೆ ಶೇ. 79, ಎರಡು ಸೇರಿಸಿದರೆ 89, ಮೂರು ಸೇರಿಸಿದರೆ 93. ಇಂಡಿಯಾದ ಕಡೆ, ಮಡಗಾಸ್ಕರಿನ ನಾಲ್ಕು ಬಂದ ಮೇಲೆ: ಏನೂ ಸೇರಿಸದಿದ್ದರೆ 82, ಒಂದಕ್ಕೆ 87, ಎರಡಕ್ಕೆ 91, ಮೂರಕ್ಕೆ 94. ಎರಡೂ ಕಡೆ ಮೊದಲ ಟ್ರೂಪ್ ಹೆಚ್ಚು ಕೊಡುತ್ತದೆ, ಕೊನೆಯದು ಕಡಿಮೆ. ವೆನೆಜುವೆಲಾದ ಮೂರನೇ ಟ್ರೂಪ್ ಕೊಡುವುದು ನಾಲ್ಕೇ ಅಂಶ, ಅದೇ ಟ್ರೂಪ್ ಇಂಡಿಯಾಕ್ಕೆ ಹೋದರೆ ಐದು ಅಂಶ, ಬೆಲೆ ಎರಡಾದ್ದರಿಂದ ಹತ್ತರ ಸಮ.

ಕೂಡಿಸಿ ನೋಡಿದರೆ, ಹಸಿರು ಇಂಡಿಯಾವನ್ನು ಮುಟ್ಟದಿದ್ದ ಪಕ್ಷದಲ್ಲಿ, ಮೂರನ್ನೂ ವೆನೆಜುವೆಲಾಕ್ಕೆ ಹಾಕಿದರೆ ಎದುರು ತಂಡದ ಆದಾಯದಲ್ಲಿ ಸರಾಸರಿ ಕಡಿತ 2.58, ಮೂರನ್ನೂ ಇಂಡಿಯಾಕ್ಕೆ ಹಾಕಿದರೆ 2.53, ಎರಡು ವೆನೆಜುವೆಲಾ, ಒಂದು ಇಂಡಿಯಾ ಆದರೆ 2.64, ಒಂದು ವೆನೆಜುವೆಲಾ, ಎರಡು ಇಂಡಿಯಾ ಆದರೆ 2.61. ಹಂಚಿಕೆಯೇ ಇಲ್ಲದ ಆಟ, ಅಂದರೆ ಮೂರೂ ವೆನೆಜುವೆಲಾಕ್ಕೆ, ಮಡಗಾಸ್ಕರ್ ಇದ್ದಲ್ಲೇ: 1.84.

ಒಡೆದು ಹಾಕುವುದು ಎರಡು ತುದಿಗಳಿಗಿಂತ ಮೇಲು, ಅಂತರ ಮಾತ್ರ ಸಣ್ಣದು. ಒಡೆಯುವ ಎರಡು ರೀತಿಗಳ ನಡುವೆ ಆರಿಸಲು ಹಸಿರಿನ ಸ್ವಭಾವ ನೋಡಬೇಕು. ಹಸಿರು ದೊಡ್ಡ ಗುಂಪು ಕಂಡರೆ ಹೊಡೆಯುವ ಆಟಗಾರ ಆಗಿದ್ದರೆ ಇಂಡಿಯಾಕ್ಕೆ ಎರಡು. ಇಂಡಿಯಾ 11 ಆಗಿ, ಮಧ್ಯ ಅಮೆರಿಕವೂ ಬಿದ್ದಿದ್ದರೆ, ಚೀನಾದಿಂದ ಬರಬಲ್ಲ 5 ಟ್ರೂಪ್‌ಗಳಿಗೆ ಅದನ್ನು ಕೆಡವುವ ಸಾಧ್ಯತೆ ಶೇ. 8 ಮಾತ್ರ, 10 ಇದ್ದರೆ ಅದು 12. ಮಧ್ಯ ಅಮೆರಿಕ ಕಳೆದುಕೊಂಡ ಹಸಿರಿಗೆ ಚೀನಾದಲ್ಲಿ ಇಳಿಸಲು ಒಂದು ಕಡಿಮೆ ಎಂಬುದನ್ನು ಗಮನಿಸಿ: ಕೆಂಪು ವೆನೆಜುವೆಲಾದಲ್ಲಿ ಮಾಡಿದ ದಾಳಿ ಇಂಡಿಯಾವನ್ನೂ ಕಾಯುತ್ತದೆ. ಜೊತೆಗಾರನ ಮೇಲೆ ಟ್ರೂಪ್ ಇಳಿಸುವುದಷ್ಟೇ ಸಹಾಯ ಅಂದುಕೊಂಡವರ ಕಣ್ಣಿಗೆ ಇದು ಬೀಳುವುದಿಲ್ಲ.

ಇಲ್ಲಿ ಒಂದು ವೆನೆಜುವೆಲಾ, ಎರಡು ಇಂಡಿಯಾ ಎಂದೇ ಹಿಡಿಯೋಣ.

ಕೆಂಪಿನ ಸರದಿ, ಕ್ರಮವಾಗಿ

ವೆನೆಜುವೆಲಾಕ್ಕೆ 1, ಇಂಡಿಯಾಕ್ಕೆ 2 ಇಳಿಸಿ. ಹೆಚ್ಚಿನ ತಾಣಗಳಲ್ಲಿ ಇಳಿಸುವ ಪಟ್ಟಿಯಲ್ಲಿ ನಿಮ್ಮ ಪ್ರದೇಶಗಳ ಜೊತೆಗೇ ಜೊತೆಗಾರನವೂ ಬರುತ್ತವೆ. ಹೆಸರು ಸರಿಯಾಗಿ ನೋಡಿ ಒತ್ತಿ; ಇಂಡಿಯಾ ಬದಲು ಇಂಡೊನೇಷ್ಯಾ ಹುಡುಕುವ ಗಡಿಬಿಡಿ ಬೇಡ, ಶತ್ರುವಿನದು ಪಟ್ಟಿಯಲ್ಲಿ ಇರುವುದೇ ಇಲ್ಲ.

ವೆನೆಜುವೆಲಾದಿಂದ ಮಧ್ಯ ಅಮೆರಿಕಕ್ಕೆ ದಾಳಿ. ಗೆದ್ದರೆ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಮುಂದಕ್ಕೆ ತನ್ನಿ. ಗೆದ್ದ ಪ್ರದೇಶಕ್ಕೆ ಹೀಗೆ ನುಗ್ಗುವುದು ಸಾಗಣೆಯ ಲೆಕ್ಕಕ್ಕೆ ಬರುವುದಿಲ್ಲ. ವೆನೆಜುವೆಲಾ ಹಿಂದೆ ಒಂದೇ ಆದರೂ ಭಯವಿಲ್ಲ, ಅದರ ಮುಂದೆ ಮಧ್ಯ ಅಮೆರಿಕ, ಪಕ್ಕದಲ್ಲಿ ನೀಲಿಯ ಬ್ರೆಜಿಲ್. ವೆನೆಜುವೆಲಾ ಎರಡಕ್ಕೆ ಇಳಿದು, ಎದುರಿಗೆ ಇನ್ನೂ ಎರಡು ನಿಂತಿದ್ದರೆ ನಿಲ್ಲಿಸಿ. ಒಂದು ದಾಳ ಎರಡು ದಾಳದ ಎದುರು ಗೆಲ್ಲುವುದು ನೂರರಲ್ಲಿ ಸುಮಾರು 25 ಸಲ.

ಪೂರ್ವ ಅಮೆರಿಕದ 2ರಿಂದ ಕ್ವಿಬೆಕ್ ಹೊಡೆಯುವ ಮನಸ್ಸಾಗುತ್ತದೆ. ಒಂದಕ್ಕೊಂದು, ಶೇ. 42. ಮಧ್ಯ ಅಮೆರಿಕ ಬೀಳದೇ ಹೋದಾಗ ಇದನ್ನು ಪ್ರಯತ್ನಿಸಬಹುದು, ಹಸಿರನ್ನು 11ಕ್ಕೆ ತರಲು ಯಾವ ಪ್ರದೇಶವಾದರೂ ಸಾಕು. ಅದು ಬಿದ್ದಿದ್ದರೆ ಬೇಡ. 11ರಿಂದ 10ಕ್ಕೆ ಇಳಿಸಿ ಪ್ರಯೋಜನವಿಲ್ಲ, 3 ಸಿಕ್ಕೇ ಸಿಗುತ್ತದೆ.

ಎಲ್ಲ ದಾಳಿ ಮುಗಿದ ಮೇಲೆಯೇ ಸಾಗಣೆ: ಮಡಗಾಸ್ಕರಿನಿಂದ ಇಂಡಿಯಾಕ್ಕೆ 4. ಸಾಗಣೆಯ ಹಂತಕ್ಕೆ ಕಾಲಿಟ್ಟರೆ ದಾಳಿಗೆ ಹಿಂತಿರುಗುವಂತಿಲ್ಲ. ಇಂಡಿಯಾ ಈಗ 11.

ಆಮೇಲೆ ತಂಡದ ಚಾಟ್‌ನಲ್ಲಿ ಒಂದು ಸಾಲು. ಚಂದದ ಮಾತು ಬೇಡ, ಅಂಕಿ ಇರಲಿ: "ಇಂಡಿಯಾ 11. ನಿನ್ನ 3 ಕೂಡ ಅಲ್ಲೇ ಇಳಿಸು. ಸಯಾಮ್, ನಂತರ ಇಂಡೊನೇಷ್ಯಾ, ಅಲ್ಲಿ ನಿಲ್ಲು. ಹಸಿರು ಇಂಡಿಯಾ ಹೊಡೆದು 8ಕ್ಕಿಂತ ಕೆಳಗೆ ತಂದರೆ ಸಯಾಮ್ ಬಿಡು, ಚೀನಾ ತಗೋ." ಸಂದೇಶ ಎದುರು ತಂಡಕ್ಕೂ ಕಾಣುವ ಚಾಟ್‌ಗೆ ಹೋಗದಂತೆ ನೋಡಿಕೊಳ್ಳಿ. ಎರಡು ಪೆಟ್ಟಿಗೆ ಒಂದರ ಪಕ್ಕ ಒಂದಿರುವ ತಾಣಗಳಲ್ಲಿ ಈ ತಪ್ಪು ಪದೇಪದೇ ಆಗುತ್ತದೆ.

ನೀಲಿಯ ಸರದಿ

ಹಸಿರು ಸುಮ್ಮನಿತ್ತು ಎಂದುಕೊಳ್ಳೋಣ. ಇಂಡಿಯಾ 14, ಹೊಡೆಯಬಲ್ಲವು 13. ಸಯಾಮ್ ಬಿದ್ದ ಮೇಲೆ ಎಲ್ಲವನ್ನೂ ಒಳಗೆ ತಂದು ಮುಂದುವರಿಯಬೇಕು. ಒಟ್ಟು ಏಳು ಶತ್ರು ಟ್ರೂಪ್ ಕೊಲ್ಲಲು ಸರಾಸರಿ ಆರು ಹೋಗುತ್ತವೆ, ಸಯಾಮಿನಲ್ಲಿ ಒಂದು ಉಳಿಯುತ್ತದೆ, ಇಂಡೊನೇಷ್ಯಾಕ್ಕೆ ಆರರ ಆಸುಪಾಸು ತಲುಪುತ್ತವೆ.

ದಾಳ ಕೈಕೊಟ್ಟರೆ? ಸಯಾಮ್ ಗೆದ್ದಾಗ ಅಲ್ಲಿ 4 ಮಾತ್ರ ಉಳಿದಿವೆ ಎನ್ನಿ. ಹೊಡೆಯಬಲ್ಲವು 3, ಎದುರಿಗೆ 3, ಗೆಲುವು ಶೇ. 47. ಇಲ್ಲಿ ಅನೇಕರು ನಿಂತುಬಿಡುತ್ತಾರೆ. ನಿಂತರೆ ಏನಾಗುತ್ತದೆ? ಬೋನಸ್ ಇನ್ನೂ ಜೀವಂತ, ಹಳದಿಗೆ 5 ಬರುತ್ತವೆ, ಇಂಡೊನೇಷ್ಯಾ 8 ಆಗಿ 7 ಟ್ರೂಪ್ ಸಯಾಮಿನ ನಾಲ್ಕರ ಮೇಲೆ ಬೀಳುತ್ತವೆ, ಶೇ. 83ರಷ್ಟು ಸಲ ಅದು ಹೋಗುತ್ತದೆ. ನಿಂತರೂ ಉಳಿಯದ ಸೈನ್ಯ ಅದು. ಮುಂದುವರಿಯುವುದೇ ಸರಿ. ಸಯಾಮ್ ಒಂದನ್ನೇ ಗೆಲ್ಲುವುದರಿಂದ ಹಳದಿಯ ಆದಾಯಕ್ಕೆ ಏನೂ ಆಗುವುದಿಲ್ಲ, ಸಯಾಮ್ ಏಷ್ಯಾಕ್ಕೆ ಸೇರಿದ್ದು.

ಇಂಡೊನೇಷ್ಯಾ ಸಿಕ್ಕ ಮೇಲೆ ನ್ಯೂ ಗಿನಿ, ಪಶ್ಚಿಮ ಆಸ್ಟ್ರೇಲಿಯಾಗಳಲ್ಲಿ ಒಂದೊಂದೇ ಟ್ರೂಪ್ ಕಾಣುತ್ತದೆ, ಕೈ ತುರಿಸುತ್ತದೆ. ಏಳೋ ಎಂಟೋ ಉಳಿದಿದ್ದರೆ ಹೋಗಬಹುದು. ಐದಾರೇ ಇದ್ದರೆ ನಿಲ್ಲಬೇಕು. ಹಳದಿಗೆ ಈಗ 3 ಮಾತ್ರ. ನ್ಯೂ ಗಿನಿಯಲ್ಲಿ ಇಳಿಸಿದರೆ ಹೊಡೆಯಬಲ್ಲವು 3. ಇಂಡೊನೇಷ್ಯಾದಲ್ಲಿ 6 ಇದ್ದರೆ ಅದು ಬೀಳುವುದು ಶೇ. 13, 5 ಇದ್ದರೆ 21, 4 ಇದ್ದರೆ 32. ಮುಂದಕ್ಕೆ ಹೋಗಿ ಎರಡೆರಡಾಗಿ ಚದುರಿದರೆ ಯಾವುದೋ ಒಂದು ಖಂಡಿತ ಮುರಿಯುತ್ತದೆ.

ಈಗ ಇಂಡಿಯಾ 1, ಸಯಾಮ್ 1. ಚೀನಾ ಎರಡಕ್ಕೂ ತಾಗಿಕೊಂಡಿದೆ. ಭಯ ಪಡಬೇಕಿಲ್ಲ, ಹಸಿರಿಗಿಂತ ಮೊದಲು ಕೆಂಪಿನ ಸರದಿ ಬರುತ್ತದೆ. ಕೆಂಪಿನ ಎರಡನೇ ಉಡುಗೊರೆ ಆಗ: ಮೂರನ್ನೂ ಸಯಾಮಿಗೆ. ಇಂಡಿಯಾ ಹೋದರೆ ಒಂದು ಪ್ರದೇಶ ಹೋಯಿತು ಅಷ್ಟೇ, ಸಯಾಮ್ ಹೋದರೆ ಇಂಡೊನೇಷ್ಯಾ ಎರಡೂ ಕಡೆಯಿಂದ ಸಿಕ್ಕಿಬೀಳುತ್ತದೆ.

ನಿಯಮ ಬದಲಾದರೆ

ಸಾಗಣೆ ಸರಪಳಿಯ ಬದಲು ಪಕ್ಕದ ಪ್ರದೇಶಕ್ಕೆ ಮಾತ್ರ ಎಂದಿದ್ದರೆ ಈ ಇಡೀ ಯೋಜನೆ ಬಿದ್ದುಹೋಗುತ್ತದೆ. ಮಡಗಾಸ್ಕರಿನ ನಾಲ್ಕು ಈ ಸರದಿಯಲ್ಲಿ ಪೂರ್ವ ಆಫ್ರಿಕಾ ದಾಟಲಾರವು. ಆಗ ಅವನ್ನು ಅಲ್ಲೇ ಬಳಸಬೇಕು: ಪೂರ್ವ ಆಫ್ರಿಕಾ 5 ಆಗುತ್ತದೆ, ನೀಲಿ ತನ್ನ 3 ಸೇರಿಸಿ 7 ಟ್ರೂಪ್‌ಗಳಿಂದ ಉತ್ತರ ಆಫ್ರಿಕಾದ 4ನ್ನು ಹೊಡೆದರೆ ಗೆಲುವು ಶೇ. 83. ಬೋನಸ್ ಸಿಗದು, ಆದರೆ ಹಸಿರಿನ ಅತಿ ದೊಡ್ಡ ಗುಂಪು ನಾಶವಾಗುತ್ತದೆ, ಕೆಂಪಿನ ಅಮೆರಿಕವೂ ನೀಲಿಯ ಆಫ್ರಿಕಾವೂ ಬ್ರೆಜಿಲ್ ಮೂಲಕ ಒಂದಾಗುತ್ತವೆ. ಆಟ ಶುರುವಾಗುವ ಮೊದಲೇ ಸಾಗಣೆಯ ನಿಯಮ ಯಾವುದು ಎಂದು ಇಬ್ಬರೂ ನೋಡಿಕೊಳ್ಳಬೇಕು. ಪ್ರಕರಣಗಳು ಹಾಳಾಗುವುದು ದಾಳದಿಂದ ಎಷ್ಟೋ, ಈ ಒಂದು ಸಾಲು ಓದದಿರುವುದರಿಂದಲೂ ಅಷ್ಟೇ.

ಕಾರ್ಡ್ ಇರುವ ಆಟದಲ್ಲಿ ಸರದಿಗೆ ಒಂದಾದರೂ ಪ್ರದೇಶ ಗೆದ್ದವನಿಗೆ ಕಾರ್ಡ್. ಅಲ್ಲಿ ಜೊತೆಗಾರನಿಗೆ ಕೊಡಬಹುದಾದ ಇನ್ನೊಂದು ವಸ್ತುವಿದೆ: ಅವನ ಪಕ್ಕದಲ್ಲಿ ಒಂಟಿಯಾಗಿರುವ ಶತ್ರು ಟ್ರೂಪನ್ನು ನೀವು ಹೊಡೆಯದೆ ಬಿಡುವುದು. ಕಾರ್ಡುಗಳ ಒಂದು ಸೆಟ್ಟಿಗೆ ಸಿಗುವ ಟ್ರೂಪ್ 4, 6, 8, 10, 12, 15 ಎಂದು ಏರುತ್ತ ಹೋಗುವ ಆಟಗಳಲ್ಲಿ ಆ ಬಿಟ್ಟುಕೊಟ್ಟ ಕಾರ್ಡು ಎರಡು ಮೂರು ಟ್ರೂಪ್‌ಗಿಂತ ಬೆಲೆಬಾಳುತ್ತದೆ.

ಸರದಿಗೆ 24 ಗಂಟೆ ಗಡುವಿರುವ ನಿಧಾನದ ಆಟಗಳಲ್ಲಿ ಇನ್ನೊಂದು ಅಪಾಯ: ಜೊತೆಗಾರ ಸರದಿ ತಪ್ಪಿಸಿಕೊಂಡರೆ ಕೊಟ್ಟದ್ದು ಇನ್ನೊಂದು ಪೂರ್ತಿ ಸುತ್ತು ಬಯಲಿನಲ್ಲಿ ನಿಲ್ಲುತ್ತದೆ. ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ನ್ಯೂಜೆರ್ಸಿಯಲ್ಲಿ ಇರುವ ಜೋಡಿಗೆ ಒಂಬತ್ತೂವರೆಯಿಂದ ಹತ್ತೂವರೆ ಗಂಟೆಯ ವ್ಯತ್ಯಾಸವಿದೆ. ಅವನು ಎರಡು ದಿನ ಪ್ರಯಾಣದಲ್ಲಿದ್ದಾನೆ ಎಂದು ಗೊತ್ತಿದ್ದರೆ ಇಂಡಿಯಾದಂಥ ಗಡಿಯಲ್ಲಿ ಗುಂಪು ಕಟ್ಟಬೇಡಿ. ಮಡಗಾಸ್ಕರಿನಲ್ಲಿ ಅವು ಉಪಯೋಗಕ್ಕಿಲ್ಲದಿದ್ದರೂ ಸುರಕ್ಷಿತ.

ಮೂವರ ತಂಡದಲ್ಲಿ ಸರದಿ ನಮ್ಮವ, ಅವರವ, ನಮ್ಮವ, ಅವರವ ಎಂದು ಆರು ಕೈ ಸುತ್ತುತ್ತದೆ. ಅಲ್ಲಿ ನಿಮ್ಮ ನಂತರ ಮೊದಲು ಆಡುವ ಜೊತೆಗಾರನಿಗೆ ಕೊಟ್ಟದ್ದು ಒಂದು ಶತ್ರು ಸರದಿ ತಾಳಿಕೊಳ್ಳಬೇಕು, ಅವನ ನಂತರದವನಿಗೆ ಕೊಟ್ಟದ್ದು ಎರಡು, ನೀವೇ ಇಟ್ಟುಕೊಂಡದ್ದು ಮೂರು. ದಾಳಿಗೆಂದು ಕೊಡುವುದಾದರೆ ಮೊದಲನೆಯವನಿಗೆ ಕೊಡಿ. ಕೊನೆಯವನಿಗೆ ಕೊಡುವುದು ಕಾವಲಿಗೆ ಮಾತ್ರ, ಅದೂ ಅವನ ಪ್ರದೇಶದ ಹಿಂದೆ ಬೋನಸ್ ಇದ್ದಾಗ.